ಸೊಗಸಿನ ಪ್ರವಾಸ: ಕುಂದಾಪುರ, ಬೈಂದೂರು, ಬ್ರಹ್ಮಾವರದ ದಾರಿಯಲ್ಲಿ

ಒಂದು ಕಾಲಕ್ಕೆ ನಮ್ಮ ಮನೆತನಗಳಲ್ಲಿ ಪ್ರವಾಸವೆಂದರೆ ಜಾತ್ರೆ, ಕ್ಷೇತ್ರದರ್ಶನ, ಇಲ್ಲವೇ ಬೀಗರ ಊರಿನ ಮದುವೆ. ತಗಡಿನ ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲು, ತಾಮ್ರದ ತಂಬಿಗೆ ಮತ್ತು ರೊಟ್ಟಿಯ ಬುತ್ತಿ ಇಷ್ಟಿದ್ದರೆ ಹೊರಡುವ ಸಿದ್ಧತೆ ಮುಗಿಯುತ್ತಿತ್ತು. ಇಂದು ಕಾಲ ಬದಲಾಗಿದೆ. ಮಕ್ಕಳು ನೌಕರಿ ಹಿಡಿದಿದ್ದಾರೆ, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ, ವರ್ಷಕ್ಕೊಮ್ಮೆಯಾದರೂ ಸಂಸಾರಸಮೇತರಾಗಿ ಒಳ್ಳೆಯ ಹೋಟೆಲಿನಲ್ಲಿ ತಂಗಿ ಬರಬೇಕೆಂಬ ಬಯಕೆ ಮನೆಮನೆಯಲ್ಲೂ ಮೂಡಿದೆ. ಇದು ತಪ್ಪಲ್ಲ. ದುಡಿದವರು ದಣಿವಾರಿಸಿಕೊಳ್ಳಬೇಕು, ಮಕ್ಕಳು ನಾಡನ್ನು ನೋಡಬೇಕು. ಆದರೆ ಖರ್ಚು ಹೆಚ್ಚಾದ ಮಾತ್ರಕ್ಕೆ ಪ್ರವಾಸ ಸೊಗಸಾಗುತ್ತದೆಯೇ ಎಂಬ ಪ್ರಶ್ನೆಯನ್ನು ಹೊರಡುವ ಮುನ್ನ ಕೇಳಿಕೊಳ್ಳುವುದು ಒಳಿತು.

ನಮ್ಮ ತಿಳಿವಳಿಕೆಯಂತೆ ಪ್ರವಾಸದ ಸೊಗಸು ಮೂರು ಸಂಗತಿಗಳನ್ನು ಅವಲಂಬಿಸಿದೆ. ಮನೆಯಲ್ಲಿ ಏನನ್ನು ಬಿಟ್ಟು ಹೊರಡುತ್ತೇವೆ, ರಾತ್ರಿಯನ್ನು ಎಂತಹ ಸೂರಿನಡಿ ಕಳೆಯುತ್ತೇವೆ, ನಮ್ಮ ಹಣ ಯಾರ ಕೈಗೆ ಸೇರುತ್ತದೆ ಎಂಬುವೇ ಆ ಮೂರು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳನ್ನು ಉದಾಹರಣೆಯಾಗಿಟ್ಟುಕೊಂಡು ಇವುಗಳನ್ನು ಒಂದೊಂದಾಗಿ ವಿವೇಚಿಸೋಣ.

ನಮಗೆ ಪರಕೀಯವಲ್ಲದ ಸೀಮೆ

ಬಯಲುಸೀಮೆಯ ನಮ್ಮ ಅನೇಕ ಕುಟುಂಬಗಳಿಗೆ ಈ ಭಾಗದ ಪರಿಚಯ ಕೊಲ್ಲೂರು ಮೂಕಾಂಬಿಕೆಯ ದರ್ಶನಕ್ಕೆ ಸೀಮಿತವಾಗಿದೆ. ದರ್ಶನ ಮುಗಿಸಿ ಮರುದಿನವೇ ಘಟ್ಟ ಹತ್ತುವವರೇ ಹೆಚ್ಚು. ಆದರೆ ಇದು ಕೆಳದಿಯ ವೀರಶೈವ ಅರಸರು ಆಳಿದ ನಾಡು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಕುಂದಾಪುರದ ಬಳಿಯ ಬಸರೂರು ಅವರ ಕಾಲದ ದೊಡ್ಡ ರೇವುಪಟ್ಟಣ. ಇಲ್ಲಿಂದ ಹಡಗು ಹಡಗು ಅಕ್ಕಿ ಹೊರನಾಡಿಗೆ ಹೋಗುತ್ತಿತ್ತು. 17ನೆಯ ಶತಮಾನದ ನಡುಭಾಗದಲ್ಲಿ ಶಿವಪ್ಪ ನಾಯಕನು ಈ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. 1665ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಗೊಂಡದ್ದೇ ಅದರ ಸಿರಿವಂತಿಕೆಗೆ ಸಾಕ್ಷಿ. ಇಂದು ಅಲ್ಲಿ ಹಡಗುಗಳಿಲ್ಲ. ಬೇರುಗಳು ತಬ್ಬಿಹಿಡಿದಿರುವ ತುಳುವೇಶ್ವರನ ಹಳೆಯ ಗುಡಿಯ ಮುಂದೆ ನಿಂತಾಗ ಕಾಲದ ಮಹಿಮೆ ತಾನಾಗಿ ಅರಿವಾಗುತ್ತದೆ. ಬ್ರಹ್ಮಾವರದ ಸಮೀಪದ ಬಾರ್ಕೂರು ಇನ್ನೂ ಪ್ರಾಚೀನವಾದುದು. ಅಳುಪ ಅರಸರ ರಾಜಧಾನಿಯಾಗಿ ಮೆರೆದುದು.

ಬೈಂದೂರಿನಿಂದ ಬ್ರಹ್ಮಾವರದವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರಿನ ದಾರಿ. ಇಷ್ಟರೊಳಗೆ ಒತ್ತಿನೆಣೆಯ ಗುಡ್ಡದ ಮೇಲಿನ ಸೂರ್ಯಾಸ್ತ, ಸೋಮೇಶ್ವರದ ಕಡಲತೀರ, ಒಂದು ಬದಿಗೆ ಸಮುದ್ರ ಮತ್ತೊಂದು ಬದಿಗೆ ಸೌಪರ್ಣಿಕಾ ನದಿಯಿರುವ ಮರವಂತೆ, ಐದು ನದಿಗಳು ಕಡಲು ಸೇರುವ ಗಂಗೊಳ್ಳಿಯ ಅಳಿವೆ ಎಲ್ಲವೂ ಸಿಗುತ್ತವೆ. ಕೊಂಕಣ ರೈಲು 1998ರಲ್ಲಿ ಪೂರ್ಣವಾಗಿ ಓಡತೊಡಗಿದ ಮೇಲೆ ಬೈಂದೂರಿನ ಮೂಕಾಂಬಿಕಾ ರೋಡ್, ಕುಂದಾಪುರ, ಬಾರ್ಕೂರು ನಿಲ್ದಾಣಗಳಲ್ಲಿ ಇಳಿಯುವ ಅನುಕೂಲವೂ ಒದಗಿದೆ. ಮೂರು ದಿನವನ್ನು ನೆಮ್ಮದಿಯಾಗಿ ಕಳೆಯಲು ಇದು ತಕ್ಕ ಸ್ಥಳ.

ಗಂಟು ಕಟ್ಟುವ ಜಾಣ್ಮೆ

ಪ್ರವಾಸದ ಅರ್ಧ ಸುಖ ಗಂಟು ಕಟ್ಟುವಲ್ಲಿಯೇ ನಿರ್ಧಾರವಾಗುತ್ತದೆ. ಮದುವೆಗೆ ಹೊರಟವರಂತೆ ಸೀರೆಗಳನ್ನು ಪೇರಿಸಿಕೊಂಡು, ಒಬ್ಬೊಬ್ಬರಿಗೆ ಎರಡೆರಡು ಪೆಟ್ಟಿಗೆ ಹೊರಿಸಿಕೊಂಡು ಹೋದ ಸಂಸಾರದಲ್ಲಿ ಗಂಡಸರು ಹಮಾಲಿಗಳಾಗುತ್ತಾರೆ, ಹೆಂಗಸರು ಕಾವಲುಗಾರರಾಗುತ್ತಾರೆ. ಅರಬೈಲು ಅಥವಾ ಹುಲಿಕಲ್ ಘಾಟಿಯ ತಿರುವುಗಳಲ್ಲಿ ಕಾಲಿಡಲೂ ಜಾಗವಿಲ್ಲದೆ ಕುಳಿತ ಮಕ್ಕಳ ಪಾಡು ಹೇಳತೀರದು. ಒಬ್ಬರಿಗೆ ಒಂದೇ ಚೀಲ, ಅದನ್ನು ಅವರೇ ಎತ್ತಬೇಕು ಎಂಬ ಒಂದೇ ನಿಯಮವನ್ನು ಮನೆಯವರೆಲ್ಲ ಪಾಲಿಸಿದರೆ ಸಾಕು, ಉಳಿದುದು ತಾನಾಗಿ ಸರಿಹೋಗುತ್ತದೆ.

ಕರಾವಳಿಯ ಹವೆ ಘಟ್ಟದ ಮೇಲಿನಂತಲ್ಲ. ಚಳಿಗಾಲದಲ್ಲಿಯೂ ಮಧ್ಯಾಹ್ನ ಬೆವರು ಇಳಿಯುತ್ತದೆ, ಒಗೆದ ದಪ್ಪ ಬಟ್ಟೆ ಒಂದು ದಿನಕ್ಕೆ ಒಣಗುವುದಿಲ್ಲ. ಆದುದರಿಂದ ತೆಳುವಾದ ಹತ್ತಿಯ ಉಡುಪುಗಳೇ ಉತ್ತಮ. ಮೂರು ದಿನಕ್ಕೆ ಮೂರು ಜೊತೆ, ದರ್ಶನಕ್ಕೆಂದು ಒಂದು ಒಳ್ಳೆಯ ಜೊತೆ, ಇಷ್ಟು ಸಾಕು. ಜರತಾರಿ ರೇಷ್ಮೆಯನ್ನು ಉಪ್ಪುಗಾಳಿಗೆ ಒಡ್ಡುವುದು ಬೇಡ. ಕರಾವಳಿಯ ಅನೇಕ ದೇವಾಲಯಗಳಲ್ಲಿ ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಪದ್ಧತಿಯಿರುವುದರಿಂದ ಪಂಚೆ ಮತ್ತು ಶಲ್ಯ ಜೊತೆಗಿರಲಿ. ಮರಳಿನಲ್ಲಿ ಚರ್ಮದ ಪಾದರಕ್ಷೆ ಕೆಡುತ್ತದೆ. ರಬ್ಬರಿನದು ಒಂದು ಜೊತೆ ಇರಲಿ. ಒದ್ದೆ ಬಟ್ಟೆಗೆ ಬೇರೆ ಚೀಲ, ಔಷಧಿ, ಟಾರ್ಚು, ನೀರಿನ ಬಾಟಲಿ ಇವನ್ನು ಮರೆಯಬಾರದು. ಚಿನ್ನದ ಒಡವೆ ಮನೆಯಲ್ಲಿಯೇ ಇರಲಿ. ಅದರ ಚಿಂತೆಯೊಂದು ಇಲ್ಲವಾದರೆ ಅರ್ಧ ಭಾರ ಇಳಿದಂತೆ. ಇಷ್ಟಲಿಂಗ ಪೂಜೆಯ ಸಾಮಗ್ರಿ ಮತ್ತು ವಿಭೂತಿಯನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿಯೇ ಇಟ್ಟುಕೊಂಡರೆ ಎಲ್ಲಿ ತಂಗಿದರೂ ಬೆಳಗಿನ ಪೂಜೆಗೆ ಅಡಚಣೆಯಾಗದು.

ಬುತ್ತಿಯ ವಿಷಯವನ್ನೂ ಹೇಳಬೇಕು. ಹೋಟೆಲಿಗೆ ಹೋಗುವವರಿಗೆ ಬುತ್ತಿ ಏಕೆಂದು ಇಂದಿನ ಮಕ್ಕಳು ಕೇಳಬಹುದು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ನಾಲ್ಕು ಶೇಂಗಾ ಹೋಳಿಗೆ ಒಂದು ಡಬ್ಬಿಯಲ್ಲಿದ್ದರೆ ಘಟ್ಟದ ನಡುವೆ ಸಿಕ್ಕ ಸಿಕ್ಕಲ್ಲಿ ತಿನ್ನುವುದು ತಪ್ಪುತ್ತದೆ. ಡಬ್ಬಿ ಖಾಲಿಯಾದ ಮೇಲೆ ಹಿಂದಿರುಗುವಾಗ ಹಲಸಿನ ಹಪ್ಪಳ ತುಂಬಿಕೊಂಡು ಬರಲು ಅದೇ ಉಪಯೋಗಕ್ಕೆ ಬರುತ್ತದೆ!

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯ ಆರ್ಭಟ. ಆಗ ಕಡಲಿಗೆ ಇಳಿಯುವುದು ಪ್ರಾಣಕ್ಕೆ ಅಪಾಯ. ಉಳಿದ ಕಾಲದಲ್ಲಿಯೂ ಮರವಂತೆ, ತ್ರಾಸಿಯ ತೀರಗಳಲ್ಲಿ ಸೆಳೆತವಿರುವುದರಿಂದ ಮಕ್ಕಳ ಕೈ ಬಿಡಬಾರದು. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲವೇ ಪ್ರವಾಸಕ್ಕೆ ಹಿತಕರ.

ತಂಗುವ ಸೂರು

ಹೋಟೆಲ್ ಎಂಬ ಮಾತನ್ನು ನಮ್ಮ ನಾಡಿಗೆ ಕಲಿಸಿದವರಲ್ಲಿ ಈ ಸೀಮೆಯವರೇ ಮುಂಚೂಣಿಯಲ್ಲಿದ್ದಾರೆ. ಬೆಂಗಳೂರಿನ ಹೆಸರಾಂತ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಆರಂಭವಾದುದು ಪಾರಂಪಳ್ಳಿಯ ಮಯ್ಯ ಸಹೋದರರಿಂದ. ಆ ಪಾರಂಪಳ್ಳಿ ಇರುವುದು ಸಾಲಿಗ್ರಾಮದ ಬಳಿ, ಇಂದಿನ ಬ್ರಹ್ಮಾವರ ತಾಲ್ಲೂಕಿನಲ್ಲಿ. ಊರೂರಿನಲ್ಲಿ ಇಡ್ಲಿ ದೋಸೆಯ ರುಚಿ ಹಬ್ಬಿಸಿದ ಈ ಜನರ ನೆಲದಲ್ಲಿ ಸಸ್ಯಾಹಾರಿಗಳಾದ ನಮ್ಮವರು ಊಟಕ್ಕೆ ಹಿಂಜರಿಯಬೇಕಾಗಿಲ್ಲ. ಆದರೂ ಕಡಲತೀರದ ವಿಲಾಸಿ ತಂಗುದಾಣಗಳಲ್ಲಿ ಮೀನಿನ ಅಡಿಗೆ ಸಾಮಾನ್ಯವಾದುದರಿಂದ ಕೊಠಡಿ ಗೊತ್ತುಮಾಡುವಾಗಲೇ ಸಸ್ಯಾಹಾರದ ಅಡಿಗೆಮನೆ ಪ್ರತ್ಯೇಕವಾಗಿದೆಯೇ ಎಂದು ವಿಚಾರಿಸಿಕೊಳ್ಳುವುದು ಜಾಣತನ.

ಕಲೆಯಿಂದ ಅಲಂಕೃತವಾದ ಹೋಟೆಲುಗಳ ಮಾತು ಈಚೆಗೆ ಬಹಳವಾಗಿ ಕೇಳಿಬರುತ್ತಿದೆ. ಮೈಸೂರಿನಲ್ಲಿ 1921ರಲ್ಲಿ ನಿರ್ಮಾಣವಾದ ಲಲಿತಮಹಲ್ ಅರಮನೆ 1974ರಲ್ಲಿ ಹೋಟೆಲಾಗಿ ತೆರೆದಾಗ, ಹಳೆಯ ಕಟ್ಟಡವೇ ಅತಿಥಿಗೆ ದೊಡ್ಡ ಆಕರ್ಷಣೆ ಎಂಬುದನ್ನು ಕರ್ನಾಟಕ ಕಂಡುಕೊಂಡಿತು. ನಾವು ಕರಾವಳಿಯ ತಂಗುದಾಣವೊಂದರಲ್ಲಿ ಕಂಡ ನೋಟ ಇದಕ್ಕೆ ವಿರುದ್ಧವಾಗಿತ್ತು. ಕಿಟಕಿಯ ಹೊರಗೆ ತೆಂಗಿನ ಸಾಲು, ನದಿ, ದೋಣಿ. ಕೋಣೆಯ ಗೋಡೆಯ ಮೇಲೆ ಯಾವುದೋ ದೂರದೇಶದ ಹಿಮಪರ್ವತದ ಅಚ್ಚಿನ ಚಿತ್ರ! ಬಾಡಿಗೆಯೇನೋ ಭಾರಿಯಾಗಿತ್ತು, ಆದರೆ ಆ ಕೋಣೆ ಯಾವ ಊರಿನಲ್ಲಿದ್ದರೂ ಹಾಗೆಯೇ ಇರುತ್ತಿತ್ತು. ಇದನ್ನು ವೈಭವವೆನ್ನಲು ಮನಸ್ಸು ಒಪ್ಪುವುದಿಲ್ಲ.

ಈ ಸೀಮೆಗೆ ತನ್ನದೇ ಆದ ಮನೆಯ ಕಲೆಯಿದೆ. ಮುರಕಲ್ಲಿನ ಗೋಡೆ, ಹಲಸು ತೇಗಗಳ ಕೆತ್ತನೆಯ ಕಂಬ, ನಡುವೆ ತೆರೆದ ಅಂಗಳವಿರುವ ಚೌಕಿಮನೆ, ಉದ್ದನೆಯ ಜಗಲಿ, ಮಳೆಯನ್ನು ಇಳಿಜಾರಿಗೆ ಸರಿಸುವ ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಕರಾವಳಿಯ ಗುರುತೇ ಆಯಿತು. ಇಂತಹ ಹಳೆಯ ಮನೆಯನ್ನು ಕೆಡವದೆ ಉಳಿಸಿ ಅತಿಥಿಗಳಿಗೆ ತೆರೆದವರಿದ್ದರೆ ಅವರಲ್ಲಿ ತಂಗುವುದು ಲೇಸು. ನಾವು ಕೊಡುವ ಬಾಡಿಗೆ ಆ ಮಾಡಿನ ಹೆಂಚು ಬದಲಿಸಲು ನೆರವಾಗುತ್ತದೆ.

ಹಳೆಯ ಮನೆಯ ಬೆಲೆಯನ್ನು ಮಕ್ಕಳಿಗೆ ತೋರಿಸಬೇಕೆನ್ನುವವರು ಬ್ರಹ್ಮಾವರದಿಂದ ಸ್ವಲ್ಪ ದಕ್ಷಿಣಕ್ಕೆ ಸಾಗಿ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಲೇಬೇಕು. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈಯವರು (ನಿಧನ 2017) ನಾಡಿನಾದ್ಯಂತ ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಹುಡುಕಿ, ಬಿಡಿಬಿಡಿಯಾಗಿ ಕಳಚಿ ತಂದು, ಇಲ್ಲಿ ಮತ್ತೆ ನಿಲ್ಲಿಸಿದರು. ಕರಾವಳಿಯ ಚೌಕಿಮನೆಯ ಜೊತೆಗೆ ಮುಧೋಳ, ಕುಕನೂರು ಮುಂತಾದ ಬಯಲುಸೀಮೆಯ ಊರುಗಳ ಕಟ್ಟಡಗಳೂ ಅಲ್ಲಿವೆ. ವೀರಶೈವ ಜಂಗಮ ಮಠವೊಂದೂ ಅಲ್ಲಿ ಉಳಿದುಕೊಂಡಿದೆ ಎಂಬುದು ನಮ್ಮ ಓದುಗರಿಗೆ ಸಂತಸ ತರಬಹುದು. ನಮ್ಮ ಊರುಗಳಲ್ಲಿ ಕಾಂಕ್ರೀಟಿನ ಮನೆ ಕಟ್ಟುವ ಆತುರದಲ್ಲಿ ನಾವು ಕೆಡವಿದ ತೊಲೆ ಕಂಬಗಳೆಷ್ಟು ಎಂದು ಅಲ್ಲಿ ನಿಂತವರಿಗೆ ಅನಿಸದೆ ಇರದು. ಹೋಗುವ ಮುನ್ನ ತೆರೆದಿರುವ ದಿನ, ಸಮಯಗಳನ್ನು ವಿಚಾರಿಸಿಕೊಂಡು ಹೋಗುವುದು ಉತ್ತಮ.

ಸಂಜೆಯ ಹೊತ್ತು

ಕತ್ತಲಾದೊಡನೆ ಕೋಣೆಯ ಟಿ.ವಿ. ಮುಂದೆ ಕೂರುವುದಾದರೆ ಮನೆ ಬಿಟ್ಟು ಬರಬೇಕಾಗಿರಲಿಲ್ಲ. ನವೆಂಬರ್‌ನಿಂದ ಮೇ ತಿಂಗಳವರೆಗೆ ಈ ಸೀಮೆಯಲ್ಲಿ ಬಡಗುತಿಟ್ಟಿನ ಯಕ್ಷಗಾನ ಮೇಳಗಳ ತಿರುಗಾಟವಿರುತ್ತದೆ. ಮಂದಾರ್ತಿಯ ಮೇಳಗಳ ಹರಕೆಯಾಟಕ್ಕೆ ಭಕ್ತರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಬಯಲಿನಲ್ಲಿ ನಡೆಯುವ ಹರಕೆಯಾಟಕ್ಕೆ ಟಿಕೆಟ್ಟಿಲ್ಲ, ಪರಊರಿನವರೆಂಬ ಭೇದವಿಲ್ಲ. ಇಬ್ಬನಿಗೆ ಹೊದೆಯಲು ಒಂದು ಶಾಲು ಇದ್ದರೆ ಸಾಕು.

ಕುಂದಾಪುರದ ಸಮೀಪದ ಉಪ್ಪಿನಕುದ್ರು ಯಕ್ಷಗಾನ ಸೂತ್ರದ ಗೊಂಬೆಯಾಟಕ್ಕೆ ಹೆಸರಾದ ಊರು. ಕುದ್ರು ಎಂದರೆ ಹೊಳೆಯ ನಡುವಣ ನಡುಗಡ್ಡೆ. ಅಲ್ಲಿನ ಕಾಮತ್ ಮನೆತನ ತಲೆಮಾರುಗಳಿಂದ ಈ ಕಲೆಯನ್ನು ಕಾಪಾಡಿಕೊಂಡು ಬಂದಿದೆ. ಕೊಗ್ಗ ಕಾಮತರು ಅದರ ಕೀರ್ತಿಯನ್ನು ದೂರದೂರಕ್ಕೆ ಒಯ್ದರು. ಮೊಳದಷ್ಟೆತ್ತರದ ಮರದ ಗೊಂಬೆಗಳು ಬಡಗುತಿಟ್ಟಿನ ವೇಷತೊಟ್ಟು, ಭಾಗವತರ ಹಾಡಿಗೆ ಹೆಜ್ಜೆಹಾಕುವುದನ್ನು ಕಂಡ ಮಗು ಅದನ್ನು ಎಂದೂ ಮರೆಯದು. ಅಲ್ಲಿನ ಗೊಂಬೆಮನೆಯಲ್ಲಿ ಪ್ರದರ್ಶನ ಯಾವಾಗ ಎಂದು ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.

ಇದೇ ದಾರಿಯ ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು ಪ್ರವಾಸವನ್ನು ವಿದ್ಯೆಯೆಂದೇ ಭಾವಿಸಿದವರು. ಭಾರತದ ಶಿಲ್ಪಕಲೆಯನ್ನು ಕಾಣಲು ಊರೂರು ಸುತ್ತಿ ‘ಅಬೂವಿನಿಂದ ಬರಾಮಕ್ಕೆ’ ಎಂಬ ಪ್ರವಾಸಕಥನ ಬರೆದರು, ಯುರೋಪನ್ನು ನೋಡಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಪ್ರವಾಸದಿಂದ ಬರುವಾಗ ಮಕ್ಕಳು ನಾಲ್ಕು ಪುಟವನ್ನಾದರೂ ಬರೆದು ತರುವಂತೆ ನಾವೂ ರೂಢಿಮಾಡಿಸಬಹುದಲ್ಲವೇ?

ಕೊಳ್ಳುವ ಕೈ, ನೇಯುವ ಕೈ

ಪ್ರವಾಸಕ್ಕೆ ಹೋದ ಮೇಲೆ ಏನನ್ನೂ ಕೊಳ್ಳದೆ ಬರಬೇಕೆಂದು ತಾಯಂದಿರಿಗೆ ಹೇಳುವುದು ನ್ಯಾಯವಲ್ಲ. ಆದರೆ ಯಾವುದೋ ನಗರದ ಕಾರ್ಖಾನೆಯಲ್ಲಿ ತಯಾರಾದ ಪ್ಲಾಸ್ಟಿಕ್ ಗೊಂಬೆ, ಚಿಪ್ಪಿನ ಗಡಿಯಾರಗಳನ್ನು ಕಡಲತೀರದಲ್ಲಿ ಕೊಂಡು ತರುವುದರಲ್ಲಿ ಅರ್ಥವೇನಿದೆ? ಈ ನೆಲದಲ್ಲಿ ಹುಟ್ಟಿದ್ದನ್ನು ಕೊಳ್ಳೋಣ. ಗೇರುಬೀಜ, ಹಲಸಿನ ಹಪ್ಪಳ, ಮಾಂಬಳ, ಅಡಿಕೆ ಹಾಳೆಯ ಮುಟ್ಟಾಳೆ ಇವೆಲ್ಲ ಇಲ್ಲಿಯವೇ. ಉಡುಪಿ ಮಲ್ಲಿಗೆಯಂತೂ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹೂವು. ಅದನ್ನು ಮಾರುವ ಲೆಕ್ಕವೇ ಬೇರೆ. 800 ಹೂವು ಪೋಣಿಸಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ.

ಎಲ್ಲಕ್ಕಿಂತ ಮಿಗಿಲಾಗಿ ಹೇಳಬೇಕಾದುದು ಉಡುಪಿ ಸೀರೆಯ ವಿಷಯ. ಇಳಕಲ್ ಸೀರೆಯನ್ನು ಬಲ್ಲ ನಮ್ಮ ತಾಯಂದಿರಿಗೆ ಕೈಮಗ್ಗದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಅಲ್ಲಿ ತೋಪು ತೆನೆಯ ರೇಷ್ಮೆಸೆರಗು. ಇಲ್ಲಿ ತೆಳು ಹತ್ತಿಯ ಒಡಲು, ಸರಳವಾದ ಅಂಚು, ಮೈಗೆ ಭಾರವೆನಿಸದ ತಂಪು. ಉಡುಪಿ ಸೀರೆಗೂ ಭೌಗೋಳಿಕ ಸೂಚಕ ದೊರೆತಿದೆ. ಆದರೆ ಮಾನ್ಯತೆ ದೊರೆತರೂ ನೇಯುವವರು ಉಳಿಯಬೇಕಲ್ಲ! ಯಂತ್ರಮಗ್ಗದ ಅಗ್ಗದ ಸೀರೆಯ ಮುಂದೆ ಕೈಮಗ್ಗದ ಕೂಲಿ ಸಾಲದಾಯಿತು, ಮಕ್ಕಳು ಬೇರೆ ಉದ್ಯೋಗ ಹಿಡಿದರು, ಮಗ್ಗಗಳು ಅಟ್ಟ ಸೇರಿದವು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ 2018ರ ಹೊತ್ತಿಗೆ ಬೆರಳೆಣಿಕೆಯಷ್ಟು ನೇಕಾರರು ಮಾತ್ರ ಉಳಿದಿದ್ದರು, ಅವರೂ ವಯಸ್ಸಾದವರು. ಕದಿಕೆ ಟ್ರಸ್ಟ್ ಅವರ ಬೆಂಬಲಕ್ಕೆ ನಿಂತು, ಸಹಜ ಬಣ್ಣದ ಸೀರೆಗಳನ್ನು ನೇಯಿಸಿ, ಕೊಳ್ಳುವವರನ್ನು ಹುಡುಕಿಕೊಟ್ಟ ಮೇಲೆ ಹೊಸಬರೂ ಮಗ್ಗಕ್ಕೆ ಕೂರತೊಡಗಿದರು. ಕೊಳ್ಳುವವರಿದ್ದರೆ ಕಸುಬು ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೊಳ್ಳುವಾಗ ಮೋಸಹೋಗಬಾರದು. ಕೈಮಗ್ಗದ ಬಟ್ಟೆಯ ಅಂಚಿನಲ್ಲಿ, ನೇಯುವಾಗ ಅಗಲವನ್ನು ಬಿಗಿಹಿಡಿದ ಕಡ್ಡಿಯ ಮುಳ್ಳು ತಾಕಿದ ಸಣ್ಣ ತೂತುಗಳು ಸಾಮಾನ್ಯವಾಗಿ ಕಾಣುತ್ತವೆ. ಕೇಂದ್ರ ಸರಕಾರವು 2006ರಲ್ಲಿ ಜಾರಿಗೆ ತಂದ ಕೈಮಗ್ಗ ಗುರುತಿನ ಚೀಟಿ ಇದೆಯೇ ಎಂದೂ ನೋಡಬೇಕು. ನೇಕಾರರ ಸಹಕಾರಿ ಸಂಘಗಳ ಮಳಿಗೆಯಲ್ಲಿಯೇ ಕೊಂಡರೆ ಇನ್ನೂ ಒಳ್ಳೆಯದು. ಅಲ್ಲಿ ಚೌಕಾಸಿ ಮಾಡಿ ನೂರು ರೂಪಾಯಿ ಉಳಿಸಿದೆವೆಂದು ಹಿಗ್ಗುವುದು ನಮಗೆ ತರವಲ್ಲ. ಆ ನೂರು ರೂಪಾಯಿ ನೇಕಾರನ ಕೂಲಿಯಿಂದಲೇ ಕಡಿತವಾಗುತ್ತದೆ. ಕಾಯಕವನ್ನು ಪೂಜ್ಯವೆಂದು ಬಗೆದ ಪರಂಪರೆಗೆ ಸೇರಿದ ನಾವು ಮಗ್ಗದ ಮುಂದೆ ಕುಳಿತವರ ದುಡಿಮೆಗೆ ತಕ್ಕ ಬೆಲೆ ಕೊಡಲು ಹಿಂದೆಮುಂದೆ ನೋಡಬಾರದು.

ಮುಂದಿನ ರಜೆಯಲ್ಲಿ ಕೊಲ್ಲೂರಿಗೆ ಹೊರಡುವ ಬಂಧುಗಳು ಮರುದಿನವೇ ಹಿಂದಿರುಗುವ ಅವಸರ ಮಾಡದೆ ಇನ್ನೆರಡು ದಿನವನ್ನು ಈ ಸೀಮೆಗೆ ಮೀಸಲಿಡಲಿ. ಒಂದು ರಾತ್ರಿಯ ದುಬಾರಿ ಕೋಣೆಯ ಬದಲು ಎರಡು ರಾತ್ರಿಯ ಸಾದಾ ಮನೆ, ಹತ್ತು ಅಗ್ಗದ ವಸ್ತುಗಳ ಬದಲು ಒಂದು ಕೈಮಗ್ಗದ ಸೀರೆ ಎಂದು ಲೆಕ್ಕ ಹಾಕಿದರೆ ಖರ್ಚು ಹೆಚ್ಚಾಗದು. ಆ ಸೀರೆಯನ್ನು ಮನೆಯ ಸೊಸೆಯೋ ಮಗಳೋ ಉಟ್ಟು ನಾಲ್ವರ ನಡುವೆ ನಿಂತಾಗ, ಇದು ಎಲ್ಲಿಯದೆಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ದಾರಿಯನ್ನೂ ಅಂಗಡಿಯನ್ನೂ ತಿಳಿಸಿದರೆ ಕರಾವಳಿಯ ಒಂದು ಮಗ್ಗಕ್ಕೆ ಇನ್ನೊಂದು ಸೀರೆಯ ಕೆಲಸ ಸಿಕ್ಕಂತಾಗುತ್ತದೆ.