ಬಯಲಲ್ಲಿ ಕಂಡದ್ದು, ಪುಸ್ತಕದಲ್ಲಿ ಬರೆದದ್ದು

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದ್ ಕಡೆಗೆ ಹೊರಟ ರೈಲು ಚಿತ್ತಾಪುರ, ಸೇಡಂ ದಾಟಿ ತೆಲಂಗಾಣದ ತಾಂಡೂರನ್ನು ಸೇರುತ್ತದೆ. 1874ರಲ್ಲಿ, ನಿಜಾಮರ ಕಾಲದಲ್ಲಿ ಆರಂಭವಾದ ಮಾರ್ಗವಿದು. ಕಿಟಕಿಯ ಪಕ್ಕ ಕುಳಿತವರಿಗೆ ಎರಡೂ ಬದಿಯಲ್ಲಿ ತೊಗರಿ ಹೊಲ, ಫರ್ಸಿ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ, ನಡುನಡುವೆ ಜಾಲಿ ಬೆಳೆದ ಪಾಳು ನೆಲ ಕಾಣುತ್ತವೆ. ವನ್ಯಜೀವಿಗಳನ್ನು ನೋಡಬೇಕೆಂದು ಈ ಕಡೆ ಬರುವವರು ವಿರಳ. ಅಂಥವರೆಲ್ಲ ಬಂಡೀಪುರ, ನಾಗರಹೊಳೆ, ದಾಂಡೇಲಿಗಳ ದಾರಿ ಹಿಡಿಯುತ್ತಾರೆ.

ಆದರೆ ಹಳಿಯ ಪಕ್ಕದ ತಂತಿಯನ್ನೇ ಗಮನಿಸುತ್ತ ಹೋದವರಿಗೆ ನೀಲಕಂಠ ಕಾಣಸಿಗಬಹುದು. ಕುಳಿತಾಗ ಮಾಸಲು ಕಂದು ಬಣ್ಣದ ಈ ಹಕ್ಕಿ ಹಾರಿದಾಗ ಮಾತ್ರ ರೆಕ್ಕೆಯ ನೀಲಿಯನ್ನು ತೋರಿಸುತ್ತದೆ. ಹೆಸರು ನೀಲಕಂಠವಾದರೂ ಇದರ ಕೊರಳು ನೀಲಿಯಲ್ಲ. ಇದು ಕರ್ನಾಟಕದ ರಾಜ್ಯಪಕ್ಷಿ. ಗಡಿಯಾಚೆ ತೆಲಂಗಾಣದ ರಾಜ್ಯಪಕ್ಷಿಯೂ ಹೌದು. ಅಲ್ಲಿ ಇದನ್ನು ಪಾಲಪಿಟ್ಟ ಎನ್ನುತ್ತಾರೆ. ಈಚೆ ಜನ ದಸರೆಯಂದು ಬನ್ನಿ ವಿನಿಮಯ ಮಾಡಿಕೊಂಡರೆ, ಆಚೆ ಅದೇ ದಿನ ಈ ಹಕ್ಕಿಯ ದರ್ಶನವಾದರೆ ಶುಭವೆಂದು ನಂಬುತ್ತಾರೆ.

ಬಯಲಿನಲ್ಲಿ ಪ್ರಾಣಿಗಳನ್ನು ನೋಡುವ ರೀತಿಯೇ ಬೇರೆ. ಕಾಡಿನಲ್ಲಿ ಮರ ಮರೆಯಾಗುತ್ತದೆ. ಇಲ್ಲಿ ಪ್ರಾಣಿ ಮನುಷ್ಯನನ್ನು ಬಹು ದೂರದಿಂದಲೇ ಕಂಡುಬಿಡುತ್ತದೆ. ಹೀಗಾಗಿ ಬಿಸಿಲೇರುವ ಮೊದಲೇ ಹೋಗಿ ಒಂದು ಕಡೆ ಕುಳಿತು ಕಾಯುವುದೇ ಉತ್ತಮ. ಗೌಜಲ ಹಕ್ಕಿ ಕಾಣುವ ಮೊದಲು ಅದರ ಕೂಗು ಕೇಳುತ್ತದೆ. ನೆಲಗುಬ್ಬಿ ಮಣ್ಣಿನ ಬಣ್ಣದ್ದಾದ್ದರಿಂದ ಅದು ಅಲುಗಾಡುವವರೆಗೂ ಗೊತ್ತಾಗದು. ಟಿಟ್ಟಿಭ ಬಯಲು ನೆಲದಲ್ಲಿ ಕಲ್ಲುಗಳ ನಡುವೆಯೇ ಮೊಟ್ಟೆಯಿಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತ ಚೀರತೊಡಗಿದರೆ ಮೊಟ್ಟೆ ಹತ್ತಿರದಲ್ಲೇ ಇದೆ ಎಂದರ್ಥ. ತಿಳಿದವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹ್ಯಾರಿಯರ್ ಗಿಡುಗಗಳು ದಖನ್ನಿನ ಬಯಲಿಗೆ ಬರುತ್ತವೆ. ಹಗಲೆಲ್ಲ ಹೊಲಗಳ ಮೇಲೆ ತಗ್ಗಿನಲ್ಲಿ ಹಾರುತ್ತ ಮಿಡತೆ ಹಿಡಿಯುವ ಇವು ರಾತ್ರಿ ಮರ ಹತ್ತುವುದಿಲ್ಲ; ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ತಂಗುತ್ತವೆ. ಆ ಹುಲ್ಲು ಹೋದರೆ ಅವುಗಳ ಬಿಡಾರವೂ ಹೋದಂತೆ.

ಇಂಥ ಒಣ ನೆಲದ ಕಾಡಿಗೂ ರಕ್ಷಣೆ ಬೇಕೆಂಬುದನ್ನು ಸರ್ಕಾರ ಒಪ್ಪಿಕೊಂಡದ್ದು ತಡವಾಗಿ. ಚಿಂಚೋಳಿ ತಾಲ್ಲೂಕಿನ ಸುಮಾರು 135 ಚದರ ಕಿಲೋಮೀಟರ್ ಅರಣ್ಯವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಇದು ಹೆಸರಾಗಿದೆ. ಚಂದ್ರಂಪಳ್ಳಿ ಜಲಾಶಯ, ಲಂಬಾಣಿ ತಾಂಡಾಗಳು, ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಎಲ್ಲವೂ ಇದರೊಳಗೇ ಇವೆ. ಧಾಮದ ಹೊರಗೆ ಸೇಡಂ, ಚಿತ್ತಾಪುರ, ಶಹಾಬಾದ್‌ಗಳ ಗಾಯರಾಣ ಮತ್ತು ಹಳೆಯ ಗಣಿಗಳಿಗೆ ಇಂಥ ರಕ್ಷಣೆಯಿಲ್ಲ. ಕಂದಾಯದ ಲೆಕ್ಕದಲ್ಲಿ ಅದು ಬರಿಯ ಪಾಳು ಭೂಮಿ. ಅಲ್ಲಿ ಏನು ವಾಸಿಸುತ್ತದೆ ಎಂಬುದನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಅದು ಪಾಳಲ್ಲವೆಂದು ವಾದಿಸಲು ಸಾಧ್ಯ.

ಬರೆದಿಡುವ ಈ ಪರಂಪರೆಗೆ ಇಲ್ಲಿ ಹಳೆಯ ನಂಟಿದೆ. ಕಲಬುರಗಿ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1931-32ರಲ್ಲಿ, ಸಲೀಂ ಅಲಿ ಆ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. ಆಗ ಹಕ್ಕಿಯನ್ನು ಕೊಂದು, ಚರ್ಮ ಸುಲಿದು, ಮಾದರಿಯಾಗಿ ಇಡುವುದೇ ಅಧ್ಯಯನದ ಕ್ರಮವಾಗಿತ್ತು. ಬಂದೂಕಿನ ಜಾಗಕ್ಕೆ ದುರ್ಬೀನು ಬಂದ ಮೇಲೆ ಈ ಕೆಲಸ ಸಾಮಾನ್ಯರ ಕೈಗೂ ಬಂತು. 1959ರಲ್ಲಿ ಜಾಫರ್ ಫುತೆಹಲ್ಲಿ ಪಕ್ಷಿವೀಕ್ಷಕರಿಗಾಗಿಯೇ ಒಂದು ಸುದ್ದಿಪತ್ರ ಆರಂಭಿಸಿದರು. ದೇಶದ ಮೂಲೆಮೂಲೆಯ ಹವ್ಯಾಸಿಗಳು ತಾವು ಕಂಡದ್ದನ್ನು ಅದಕ್ಕೆ ಬರೆದು ಕಳಿಸುತ್ತಿದ್ದರು. 1972ರಲ್ಲಿ ಬೆಂಗಳೂರಿನಲ್ಲಿ ಪಕ್ಷಿವೀಕ್ಷಕರ ಸಂಘ ಹುಟ್ಟಿತು. ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ಪದ್ಧತಿ ಬೆಳೆಯಿತು. ನಡಿಗೆ ಮುಗಿದ ಮೇಲೆ ಎಲ್ಲರೂ ಕೂಡಿ ಅಂದು ಕಂಡ ಹಕ್ಕಿಗಳ ಪಟ್ಟಿ ಮಾಡುವುದು ಇಂಥ ಕೂಟಗಳ ರೂಢಿ. ಒಬ್ಬ ಗಿಡುಗವೆಂದದ್ದನ್ನು ಇನ್ನೊಬ್ಬ ಹದ್ದೆಂದು ತಿದ್ದುವುದು, ಹೊಸಬ ಕಲಿಯುವುದು ಅಲ್ಲಿಯೇ.

ಈಗ ಅದೇ ಪಟ್ಟಿಯನ್ನು ಮೊಬೈಲ್ ಫೋನಿನಲ್ಲಿ ದಾಖಲಿಸಿ ಇಡೀ ದೇಶದ ಲೆಕ್ಕಕ್ಕೆ ಸೇರಿಸಬಹುದು. ದಿನಾಂಕ, ಸ್ಥಳ, ಎಷ್ಟು ಹೊತ್ತು ನೋಡಿದ್ದು, ಯಾವ ಹಕ್ಕಿ ಎಷ್ಟು ಎಂಬಷ್ಟು ವಿವರ ಸಾಕು. ಒಬ್ಬರ ಒಂದು ಬೆಳಗಿನ ಪಟ್ಟಿಗೆ ಹೆಚ್ಚಿನ ಬೆಲೆಯಿಲ್ಲವೆಂದು ತೋರಬಹುದು. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಇಂಥ ಪಟ್ಟಿಗಳಿಂದಲೇ ರೂಪುಗೊಂಡಿತು. ಸುಮಾರು 30,000 ವೀಕ್ಷಕರ 3 ಕೋಟಿ ದಾಖಲೆಗಳನ್ನು ಬಳಸಿ 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಲಾಯಿತು. ಹುಲ್ಲುಗಾವಲು ಮತ್ತು ಬಯಲನ್ನು ನೆಚ್ಚಿದ ಹಕ್ಕಿಗಳ ಸ್ಥಿತಿ ಚಿಂತಾಜನಕವೆಂದು ಅದರಿಂದ ತಿಳಿಯಿತು. ಅಪಾಯದ ಮಟ್ಟವನ್ನು ಮತ್ತೆ ಪರಿಶೀಲಿಸಬೇಕೆಂದು ವರದಿ ಸೂಚಿಸಿದ 14 ಜಾತಿಗಳಲ್ಲಿ ನಮ್ಮ ನೀಲಕಂಠವೂ ಒಂದು. ಎಲ್ಲೆಲ್ಲೂ ಇದೆ ಎಂದುಕೊಂಡಿದ್ದ ಹಕ್ಕಿ ಕಡಿಮೆಯಾಗುತ್ತಿದೆ ಎಂಬುದು ಯಾರೊಬ್ಬರ ಕಣ್ಣಿಗೂ ಬೀಳುವಂಥದ್ದಲ್ಲ. ಸಾವಿರಾರು ಜನರ ಲೆಕ್ಕವನ್ನು ಕೂಡಿಸಿದಾಗ ಮಾತ್ರ ಅದು ಗೋಚರಿಸುತ್ತದೆ. ವೀಕ್ಷಕರು ಕಡಿಮೆಯಿರುವ ಸೀಮೆಯಿಂದ ಬರುವ ಪಟ್ಟಿಗೆ ಬೆಂಗಳೂರಿನ ಇನ್ನೊಂದು ಪಟ್ಟಿಗಿಂತ ಹೆಚ್ಚಿನ ತೂಕವಿರುವುದು ಈ ಕಾರಣಕ್ಕೆ.

ಆದರೆ ಕಂಡದ್ದನ್ನೆಲ್ಲ ಸಾರುವುದೂ ತರವಲ್ಲ. ಸೇಡಂ ತಾಲ್ಲೂಕಿನಲ್ಲೇ ಇದಕ್ಕೆ ನಿದರ್ಶನವುಂಟು. 2018ರಲ್ಲಿ, ತೆಲಂಗಾಣ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ, ಕೊಂಬಿನ ಗೂಬೆಗಳನ್ನು ಗಡಿಯಾಚೆ ಸಾಗಿಸಲು ಯತ್ನಿಸಿದವರನ್ನು ಇಲ್ಲಿ ಬಂಧಿಸಲಾಯಿತು. ಎದುರಾಳಿಗೆ ಕೇಡು ತರಲು ಮಾಟಮಂತ್ರಕ್ಕೆ ಬಳಸುವ ಉದ್ದೇಶವಿತ್ತೆಂದು ಆಗ ವರದಿಯಾಗಿತ್ತು. ಈ ಗೂಬೆ ಬಂಡೆಯ ಚಾಚು, ಹಳ್ಳದ ದಂಡೆ, ಕೈಬಿಟ್ಟ ಗಣಿಯ ಗೋಡೆಗಳಲ್ಲಿ ಗೂಡಿಡುತ್ತದೆ. ಅಂಥ ಗಣಿಗಳು ಶಹಾಬಾದ್, ವಾಡಿ ಸುತ್ತ ಬೇಕಾದಷ್ಟಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಗೂಬೆಯನ್ನು ಹಿಡಿಯುವುದೂ ಮಾರುವುದೂ ಅಪರಾಧ. ಗೂಡಿನ ಚಿತ್ರ ತೆಗೆದು ಜಾಗದ ಹೆಸರಿನೊಡನೆ ಎಲ್ಲರಿಗೂ ಕಳಿಸುವ ಹವ್ಯಾಸಿ, ತಾನರಿಯದೆ ಬಲೆ ಹಾಕುವವನಿಗೆ ದಾರಿ ತೋರಿಸಿರುತ್ತಾನೆ.

ಹೀಗಾಗಿ ಅನುಭವಿಗಳು ಒಂದು ಕಟ್ಟುಪಾಡು ಇಟ್ಟುಕೊಂಡಿದ್ದಾರೆ. ನೀಲಕಂಠ, ಗೌಜಲ, ಟಿಟ್ಟಿಭಗಳನ್ನು ಎಲ್ಲಿ, ಎಷ್ಟು ಕಂಡೆವೆಂಬುದನ್ನು ಧಾರಾಳವಾಗಿ ಹಂಚಿಕೊಳ್ಳಬೇಕು. ಗೂಬೆಯ ಗೂಡು, ತೋಳದ ಮರಿಗಳಿರುವ ಗವಿ, ಕತ್ತೆಕಿರುಬದ ಬಿಲಗಳ ವಿಷಯ ಬಂದಾಗ ತಾಲ್ಲೂಕಿನ ಹೆಸರಷ್ಟೇ ಹೇಳಿ ನಿಲ್ಲಿಸಬೇಕು. ಪ್ರಾಣಿ ಕದಲಿ ಓಡುವಷ್ಟು ಹತ್ತಿರ ಹೋಗಬಾರದು. ಕರೆಯುವ ಧ್ವನಿ ಕೇಳಿಸಿ ಹಕ್ಕಿಯನ್ನು ಹೊರಗೆಳೆಯಬಾರದು.

ಇನ್ನೊಂದು ಮಾತು. ಈ ಬಯಲನ್ನು ಚೆನ್ನಾಗಿ ಬಲ್ಲವರ ಕೈಯಲ್ಲಿ ದುರ್ಬೀನಿಲ್ಲ. ತೋಳ ಯಾವ ಹಳ್ಳದಲ್ಲಿ ನೀರು ಕುಡಿಯುತ್ತದೆಂಬುದು ಕುರಿ ಕಾಯುವವನಿಗೆ ಗೊತ್ತು; ಅದಕ್ಕೆ ಮರಿಗಳನ್ನು ಕಳೆದುಕೊಂಡವನೂ ಅವನೇ. ಚಿಗರೆಗಳ ಹಿಂಡು ಯಾವ ಹೊಲಕ್ಕೆ ಬೀಳುತ್ತದೆಂಬುದನ್ನು ರೈತ ಬಲ್ಲ. ಬೆಳೆಯ ನಷ್ಟವೂ ಅವನದೇ. ಅವರೊಡನೆ ಕುಳಿತು, ಚಹಾ ಕುಡಿಯುತ್ತ, ಅವರು ಹೇಳಿದ್ದನ್ನು ಕೇಳಿ ಬರೆದುಕೊಂಡಾಗಲೇ ವೀಕ್ಷಕನ ಪಟ್ಟಿ ಪೂರ್ತಿಯಾಗುತ್ತದೆ.