ನವಸಾರಿಯಲ್ಲಿ ಅರಬರನ್ನು ತಡೆದ ಚಾಲುಕ್ಯ ವೀರ

ಕ್ರಿ. ಶ. 712ರಲ್ಲಿ ಸಿಂಧದ ದಾಹಿರರಾಜನು ಮಹಮ್ಮದ ಬಿನ್ ಕಾಸಿಮನೊಡನೆ ಕಾದಿ ಮಡಿದ ಸಂಗತಿಯನ್ನು ಪಾಠಶಾಲೆಯ ಬಾಲಕನೂ ಒಪ್ಪಿಸಬಲ್ಲನು. ಆದರೆ ಅದಾದ ಮೂವತ್ತು ವರ್ಷಗಳೊಳಗೆ, ಅದೇ ಸಿಂಧದಿಂದ ಹೊರಟ ಸೈನ್ಯವನ್ನು ಬಾದಾಮಿಯ ರಾಜವಂಶದ ಕುಡಿಯೊಬ್ಬನು ಗುಜರಾತಿನ ನವಸಾರಿಯ ಬಳಿ ಮುರಿದಟ್ಟಿದನೆಂಬುದನ್ನು ಬಲ್ಲವರೆಷ್ಟು ಮಂದಿ? ಸೋಲನ್ನು ಬಾಯಿಪಾಠ ಮಾಡಿಸಿ ಗೆಲುವನ್ನು ಮರೆಸುವ ಚರಿತ್ರೆಯ ಪುಸ್ತಕಗಳ ಬಗೆಗೆ ನಮಗೆ ಬಹುಕಾಲದ ಮುನಿಸುಂಟು.

ಆ ವೀರನೇ ಅವನಿಜನಾಶ್ರಯ ಪುಲಕೇಶಿ. ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಕೇಶಿಯ ಮೊಮ್ಮಗನು. ಲಾಟದೇಶವನ್ನು ಬಾದಾಮಿಯ ಅಧೀನದಲ್ಲಿ ಆಳುತ್ತಿದ್ದವನು. ಆತನ 739ರ ತಾಮ್ರಶಾಸನವು ಹೇಳುವುದೇನೆಂದರೆ: ತಾಜಿಕರ, ಎಂದರೆ ಅರಬರ, ಸೇನೆಯು ಸೈಂಧವ, ಕಚ್ಛೆಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ, ಗುರ್ಜರಾದಿ ರಾಜರನ್ನು ಸದೆಬಡಿದು, ದಕ್ಷಿಣಾಪಥದ ಅರಸರೆಲ್ಲರನ್ನೂ ಗೆಲ್ಲುವ ಬಯಕೆಯಿಂದ ಮೊದಲು ನವಸಾರಿಗೆ ಬಂದಿತು, ಅಲ್ಲಿಯೇ ಸೋತಿತು. ಇದಕ್ಕೆ ಮೆಚ್ಚಿದ ವಲ್ಲಭನರೇಂದ್ರನು, ಎಂದರೆ ಇಮ್ಮಡಿ ವಿಕ್ರಮಾದಿತ್ಯನು, ಆತನಿಗಿತ್ತ ಬಿರುದುಗಳಲ್ಲಿ ಒಂದು ‘ಅನಿವರ್ತಕ ನಿವರ್ತಯಿತೃ’. ಹಿಂದಿರುಗದವರನ್ನು ಹಿಂದಿರುಗಿಸಿದವನು ಎಂದರ್ಥ.

ಶಾಸನಕವಿಗಳ ಮಾತಿನಲ್ಲಿ ಅತಿಶಯೋಕ್ತಿ ಸಹಜವೆಂದು ಸಂಶಯಪಡುವವರುಂಟು. ಅದು ತಪ್ಪಲ್ಲ. ಆದರೆ ಇಲ್ಲಿ ಎದುರು ಪಕ್ಷದ ಸಾಕ್ಷ್ಯವೇ ನಮಗಿದೆ. ಒಂಬತ್ತನೆಯ ಶತಮಾನದ ಅರಬ ಚರಿತ್ರಕಾರ ಬಲಾಜುರಿಯು, ಸಿಂಧದ ಅಧಿಕಾರಿ ಜುನೈದನು ಭರುಕಚ್ಛ, ಉಜ್ಜಯಿನಿಗಳವರೆಗೆ ದಂಡು ಕಳುಹಿಸಿದುದನ್ನು ಬರೆದಿರುವನು. ಅವನ ತರುವಾಯ ಬಂದ ತಮೀಮನ ಕಾಲದಲ್ಲಿ ಅರಬರು ಹಿಂದದ ಠಾಣ್ಯಗಳನ್ನು ಬಿಟ್ಟು ಹಿಮ್ಮೆಟ್ಟಿದುದನ್ನೂ, ಆಮೇಲೆ ತಮ್ಮವರ ರಕ್ಷಣೆಗಾಗಿಯೇ ಮಹಫೂಜಾ ಎಂಬ ಊರನ್ನು ಕಟ್ಟಿದುದನ್ನೂ ಮುಚ್ಚಿಟ್ಟಿಲ್ಲ. ನವಸಾರಿಯ ಗೆಲುವೊಂದೇ ಇದಕ್ಕೆಲ್ಲ ಕಾರಣವೆನ್ನಲಾಗದು. ಉತ್ತರದಲ್ಲಿ ಪ್ರತೀಹಾರ ನಾಗಭಟನೂ ಮ್ಲೇಚ್ಛಸೇನೆಯನ್ನು ಮುರಿದನೆಂದು ಗ್ವಾಲಿಯರದ ಶಾಸನವು ಸಾರುತ್ತದೆ. ಆದರೆ ದಕ್ಷಿಣಾಪಥದ ಬಾಗಿಲನ್ನು ಕಾಯ್ದವನು ಅವನಿಜನಾಶ್ರಯನೇ ಸರಿ.

ಈ ಯುದ್ಧವನ್ನು ಕುಲಕುಲಗಳ ಶಾಶ್ವತ ವೈರದ ಕಥೆಯನ್ನಾಗಿ ಹೇಳುವವರಿಗೆ ಇನ್ನೊಂದು ತಾಮ್ರಪಟವನ್ನು ತೋರಿಸಬೇಕಾಗಿದೆ. ಚಾಲುಕ್ಯರ ತರುವಾಯ ಬಂದ ರಾಷ್ಟ್ರಕೂಟರು ಅರಬ ವರ್ತಕರಿಗೆ ಆಶ್ರಯವಿತ್ತರು. ಅರಬ ಪ್ರವಾಸಿಗಳೂ ‘ಬಲ್ಹರಾ’, ಎಂದರೆ ವಲ್ಲಭರಾಜನನ್ನು ಬಾಯ್ತುಂಬ ಹೊಗಳಿರುವರು. ನವಸಾರಿಯ ದಕ್ಷಿಣಕ್ಕೆ, ಅದೇ ಕರಾವಳಿಯ ಸಂಜಾನ ಪ್ರಾಂತವನ್ನು ರಾಷ್ಟ್ರಕೂಟರ ಪರವಾಗಿ ಆಳಿದವನು ತಾಜಿಕ ಕುಲದ ಮಧುಮತಿ, ಎಂದರೆ ಮಹಮ್ಮದನು. ಈತನು ಹೊಳೆ ದಾಟುವವರಿಗೆ ಸುಂಕವಿಲ್ಲದ ದೋಣಿಗಳನ್ನಿರಿಸಿ, ಅನ್ನ, ಪಲ್ಯ, ತುಪ್ಪಗಳ ಛತ್ರವನ್ನು ನಡೆಯಿಸಿದನೆಂದೂ, ದೇವಿಯ ಮಠಿಕೆಯೊಂದಕ್ಕೆ ಭೂದಾನವು ಸಲ್ಲಲು ಒಪ್ಪಿಗೆಯಿತ್ತನೆಂದೂ 926ರ ಚಿಂಚಣಿಯ ಶಾಸನದಲ್ಲಿ ಬರೆದಿದೆ.