ಅಮ್ಮನ ಹುಟ್ಟುಹಬ್ಬಕ್ಕೆ ಬೊಂಬಾಯಿ

ಮುಂಬೈಯನ್ನು ಎರಡು ದಿನದಲ್ಲಿ ನೋಡಿ ಮುಗಿಸುತ್ತೇನೆ ಎಂದು ಹೊರಟವರು ಸುಸ್ತಾಗಿ ವಾಪಸಾಗುತ್ತಾರೆ. ಅದೇ ಮುಂಬೈಯ ದಕ್ಷಿಣದ ತುದಿಯನ್ನೂ ಮಾಟುಂಗಾವನ್ನೂ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮರೆತರೆ, ಒಂದು ಶನಿವಾರ ಮತ್ತು ಅರ್ಧ ಭಾನುವಾರ ಧಾರಾಳ ಸಾಕು. ಹುಟ್ಟುಹಬ್ಬಕ್ಕೆಂದು ಯಾರನ್ನಾದರೂ ಹೇಳದೆ ಕೇಳದೆ ಕರೆದುಕೊಂಡು ಹೋಗುವುದಾದರೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಅದರಲ್ಲೂ ಕರಾವಳಿಯವರಿಗೆ.

ಕಾರಣವಿದೆ. ಉಡುಪಿ, ಕುಂದಾಪುರ, ಕುಮಟಾ ಕಡೆಯ ಮನೆಗಳಲ್ಲಿ ಬೊಂಬಾಯಿಗೆ ಹೋದ ಒಬ್ಬ ಅಣ್ಣನೋ ಮಾವನೋ ಇದ್ದೇ ಇರುತ್ತಾನೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತು, ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿ ತಂಗಿಯರ ಮದುವೆ ಮಾಡಿದವರು ಅವರು. ಆ ತಂಗಿಯರಿಗೆ ಫೋರ್ಟ್, ದಾದರ್, ಮಾಟುಂಗಾ ಎಂಬ ಹೆಸರುಗಳೆಲ್ಲ ಕಾಗದದ ವಿಳಾಸದಿಂದ ಬಾಯಿಪಾಠ. ಊರನ್ನು ಮಾತ್ರ ಅವರಲ್ಲಿ ಎಷ್ಟೋ ಮಂದಿ ನೋಡಿಯೇ ಇಲ್ಲ. ನನ್ನ ಅಮ್ಮ ಅಂಥವರಲ್ಲಿ ಒಬ್ಬರು. ಅವರಿಗೆ ಅರವತ್ತು ತುಂಬುವ ಹೊತ್ತಿಗೆ ಅಕ್ಕನೂ ನಾನೂ ಸೇರಿ ಈ ಗುಟ್ಟಿನ ಪ್ರಯಾಣ ಹೂಡಿದೆವು.

ಇದನ್ನು ಸಾಧ್ಯವಾಗಿಸಿದ್ದು ಮತ್ಸ್ಯಗಂಧ ಎಕ್ಸ್‌ಪ್ರೆಸ್. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗುವ ಮೊದಲು ಕರಾವಳಿಯಿಂದ ಮುಂಬೈಗೆ ಹೋಗುವುದೆಂದರೆ ಹಗಲು ರಾತ್ರಿ ಬಸ್ಸಿನಲ್ಲಿ ಮೈ ಜಖಂ ಮಾಡಿಕೊಳ್ಳುವುದು. ಈಗ ಶುಕ್ರವಾರ ಮಧ್ಯಾಹ್ನ ಮಂಗಳೂರು ಸೆಂಟ್ರಲ್‌ನಿಂದ ಹೊರಟ ರೈಲು ಶನಿವಾರ ಬೆಳಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಟ್ಟುತ್ತದೆ. ಭಾನುವಾರ ಮಧ್ಯಾಹ್ನ ಅಲ್ಲಿಂದ ಹೊರಟರೆ ಸೋಮವಾರ ಬೆಳಗ್ಗೆ ಊರು. ರಜೆ ಹಾಕಬೇಕಾದದ್ದು ಶುಕ್ರವಾರ ಅರ್ಧ ದಿನ ಮಾತ್ರ. ಮಳೆಗಾಲಕ್ಕೆ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ ಇರುತ್ತದೆ, ಅದನ್ನು ನೋಡಿಕೊಳ್ಳಬೇಕು. ರಿಸರ್ವೇಶನ್ ಈಗ ಅರವತ್ತು ದಿನ ಮೊದಲು ತೆರೆಯುತ್ತದೆ. ಹಿರಿಯರಿಗೆ ಕೆಳಗಿನ ಬರ್ತ್ ಬೇಕಲ್ಲ, ತೆರೆದ ದಿನವೇ ಮಾಡಿಸುವುದು ಕ್ಷೇಮ.

ಗುಟ್ಟಿನ ವಿಷಯದಲ್ಲಿ ನನ್ನದೊಂದು ಅಭಿಪ್ರಾಯ. ಕೊನೆಯ ತನಕ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೀರುವಿನಿಂದ ಆಧಾರ್ ಕಾರ್ಡ್ ತೆಗೆಯಬೇಕು, ಮಾತ್ರೆಗಳನ್ನು ಎಣಿಸಿ ಇಟ್ಟುಕೊಳ್ಳಬೇಕು, ನಾಲ್ಕು ಹೆಜ್ಜೆ ನಡೆಯಲು ಆಗುವ ಚಪ್ಪಲಿ ಹಾಕಿಸಬೇಕು. ಇದಕ್ಕೆಲ್ಲ ಮನೆಯೊಳಗಿನ ಒಬ್ಬರ ಸಹಾಯ ಬೇಕೇ ಬೇಕು. ನಮಗೆ ಅಪ್ಪ ಸಿಕ್ಕಿದರು. ದನ ಕರು ತೋಟ ಬಿಟ್ಟು ಬರಲಾಗದ ಅವರು ಊರಲ್ಲೇ ಉಳಿದು ಒಳಗಿನ ಕೆಲಸವೆಲ್ಲ ಮಾಡಿಕೊಟ್ಟರು. ಅಮ್ಮನಿಗೆ ನಾವು ಹೇಳಿದ್ದು ಮಂಗಳೂರಿನಲ್ಲಿ ಒಂದು ಪೂಜೆ ಎಂದು. ಆ ಮಾತು ಬಾಳಿದ್ದು ಕುಂದಾಪುರದ ಪ್ಲಾಟ್‌ಫಾರಂವರೆಗೆ. ಬೋಗಿಯ ಬದಿಯ ಬೋರ್ಡ್ ಓದಿದವರೇ "ಇದ್ ಮಂಗ್ಳೂರಿಗ್ ಹೋಪ್ ರೈಲ್ ಅಲ್ದಲ್ಲ ಮಗಾ" ಎಂದರು. ಆಮೇಲೆ ಬೈಂದೂರು ದಾಟುವವರೆಗೆ ಮಾತೇ ಇಲ್ಲ. ನಂತರ ಶುರುವಾದ ಪ್ರಶ್ನೆಗಳು ಕಾರವಾರ ಬಂದರೂ ಮುಗಿಯಲಿಲ್ಲ.

ಈ ಹಳಿಯ ಮೇಲೆ ಹೋಗುವಾಗ ಕನ್ನಡದ ಓದುಗರಿಗೆ ಇನ್ನೂ ಒಂದು ಸಂತೋಷವಿದೆ. ಗೋಕರ್ಣ, ಹನೇಹಳ್ಳಿಯ ಸೀಮೆಯನ್ನು ರೈಲು ಹಾದುಹೋಗುತ್ತದೆ. ಜಯಂತ ಕಾಯ್ಕಿಣಿ ಗೋಕರ್ಣದವರು, ಯಶವಂತ ಚಿತ್ತಾಲರು ಹನೇಹಳ್ಳಿಯವರು. ಇಬ್ಬರೂ ಕಾರ್ಖಾನೆಗಳ ಕೆಲಸದ ಮೇಲೆ ಮುಂಬೈಗೆ ಹೋದವರು, ಇಬ್ಬರೂ ಆ ಊರನ್ನು ಕನ್ನಡದಲ್ಲಿ ಕಟ್ಟಿಕೊಟ್ಟವರು. ಚಿತ್ತಾಲರ 1979ರ ಕಾದಂಬರಿ 'ಶಿಕಾರಿ' ಓದಿದವರಿಗೆ ಮುಂಬೈಯ ಆಫೀಸುಗಳ ಒಳಗು ಹೊಸದಲ್ಲ. ಕಾಯ್ಕಿಣಿಯವರ ಮುಂಬೈ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಬಂತು.

ಉಳಿಯಲು ಫೋರ್ಟ್ ಕಡೆಯೇ ಅನುಕೂಲ. ಬಾಡಿಗೆ ಹೆಚ್ಚು, ಕೋಣೆ ಚಿಕ್ಕದು, ಆದರೆ ನೋಡಬೇಕಾದದ್ದೆಲ್ಲ ಸುತ್ತಮುತ್ತಲೇ. ಶನಿವಾರದ ತಿಂಡಿಗೆ ನಾವು ಹೋದದ್ದು ಧೋಬಿ ತಲಾವ್‌ನ ಕಯಾನಿ ಅಂಡ್ ಕಂಪನಿಗೆ. 1904ರ ಇರಾನಿ ಹೋಟೆಲು, ಬಾಗಿದ ಮರದ ಕುರ್ಚಿ, ಚೌಕುಳಿಯ ಮೇಜುಬಟ್ಟೆ. ಹೊರಗೆ ಗರಿಗರಿ, ಒಳಗೆ ಮೆತ್ತಗಿರುವ ಬ್ರುನ್ ಪಾವಿಗೆ ಬೆಣ್ಣೆ ಹಚ್ಚಿ ಕೊಡುತ್ತಾರೆ, ಅದನ್ನು ಚಹಾದಲ್ಲಿ ಅದ್ದಿ ತಿನ್ನಬೇಕು. ಕಾಗದದ ಬಟ್ಟಲಿನಲ್ಲಿ ಬರುವ ಮಾವಾ ಕೇಕ್ ಏಲಕ್ಕಿ ಘಮದ್ದು. ಹುಟ್ಟುಹಬ್ಬದ ಕೇಕ್ ಅದೇ ಆಯಿತು. ಮುಂಬೈಯ ಪಾರ್ಸಿಗಳ ಮನೆಗಳಲ್ಲಿ ಹುಟ್ಟುಹಬ್ಬದ ಬೆಳಗ್ಗೆ ಹೊಸ್ತಿಲಿಗೆ ರಂಗೋಲಿ ಹಾಕಿ, ತುಪ್ಪದಲ್ಲಿ ಹುರಿದ ಸಿಹಿ ಶ್ಯಾವಿಗೆಯನ್ನು ಮೊಸರಿನ ಜೊತೆ ತಿನ್ನುತ್ತಾರೆ. ಮೇಣದಬತ್ತಿ ಊದಿಸುವುದಕ್ಕಿಂತ ಅಮ್ಮನಿಗೆ ಆ ಪದ್ಧತಿಯೇ ಹಿಡಿಸಿತು.

ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾ. 1911ರಲ್ಲಿ ಐದನೇ ಜಾರ್ಜ್ ಬಂದಿಳಿದ ನೆನಪಿಗೆಂದು ಹೊರಟು 1924ರಲ್ಲಿ ಮುಗಿದ ಕಮಾನು. 1948ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಇದರಡಿಯಿಂದಲೇ ಹಡಗು ಹತ್ತಿತು. ಎಲ್ಲರೂ ಫೋಟೊ ಹೊಡೆಯುವ ಜಾಗ, ನಾವೂ ಹೊಡೆದೆವು. ಇಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿಲ್ಲ, ಬೇಗ ಟಿಕೆಟ್ ಮಾಡಿಸಿ ಎಲಿಫೆಂಟಾದ ದೋಣಿ ಹತ್ತಬೇಕು. ಒಂದು ಗಂಟೆಯ ಪ್ರಯಾಣ. 2024ರ ಡಿಸೆಂಬರ್‌ನಲ್ಲಿ ಈ ಮಾರ್ಗದಲ್ಲಿ ನಡೆದ ದುರಂತದ ನಂತರ ಲೈಫ್ ಜಾಕೆಟ್ ಕಡ್ಡಾಯವಾಗಿದೆ, ಸೆಕೆಯಾದರೂ ಕಟ್ಟಿಕೊಂಡೇ ಕೂರಬೇಕು. ಸೋಮವಾರ ಗುಹೆಗಳಿಗೆ ರಜೆ. ಮಳೆಗಾಲದಲ್ಲಿ ಕಡಲು ಕೆರಳಿದ ದಿನ ದೋಣಿ ಬಿಡುವುದಿಲ್ಲ. ಹಾಗಾಗಿ ನವೆಂಬರ್‌ನಿಂದ ಫೆಬ್ರುವರಿ ಈ ಪ್ರವಾಸಕ್ಕೆ ಸರಿಯಾದ ಕಾಲ.

ಇಡೀ ವಾರಾಂತ್ಯದಲ್ಲಿ ಒಂದೇ ಒಂದು ಕಡೆ ನಿಧಾನಿಸಬೇಕೆಂದರೆ ಅದು ಎಲಿಫೆಂಟಾ. ದೋಣಿಕಟ್ಟೆಯಿಂದ ಪುಟ್ಟ ರೈಲು, ಆಮೇಲೆ ನೂರಿಪ್ಪತ್ತು ಮೆಟ್ಟಿಲು, ಎರಡೂ ಬದಿ ಅಂಗಡಿ ಸಾಲು, ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುವ ಮಂಗಗಳು. ಮಂಡಿನೋವಿನವರಿಗೆ ಡೋಲಿ ಸಿಗುತ್ತದೆ. ಅಮ್ಮ ಡೋಲಿ ಬೇಡವೆಂದು ಕೂತು ಕೂತು ಹತ್ತಿದರು.

ಗುಡ್ಡದ ಕರಿಕಲ್ಲನ್ನೇ ಕೊರೆದು ಕಂಬ, ತೊಲೆ, ಗರ್ಭಗುಡಿ ಮಾಡಿದ ಈ ದೊಡ್ಡ ಗುಹೆ ಆರನೇ ಶತಮಾನದ ನಡುಭಾಗದ್ದೆಂದು ವಿದ್ವಾಂಸರು ಹೇಳುತ್ತಾರೆ, ಕಲಚುರಿಗಳ ಕಾಲದ್ದೆಂಬ ಅಭಿಪ್ರಾಯ ಹೆಚ್ಚು. ಬಿಸಿಲಿನಿಂದ ಒಳಗೆ ಹೋದಾಗ ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಹಿಂಬದಿಯ ಗೋಡೆಯಲ್ಲಿ ಸದಾಶಿವನ ಮೂರು ಮುಖ ಒಂದೊಂದಾಗಿ ಮೇಲೆ ಬರುತ್ತವೆ. ಇಪ್ಪತ್ತಡಿಯಷ್ಟು ಎತ್ತರ. ನಮ್ಮ ಎಡಕ್ಕಿರುವುದು ಮೀಸೆ ಹೊತ್ತು ಹಾವು ಹಿಡಿದ ಅಘೋರ. ಬಲಕ್ಕಿರುವುದು ಕೈಯಲ್ಲಿ ತಾವರೆ ಹಿಡಿದ, ಹೆಣ್ಣಿನ ಮುಖದ ವಾಮದೇವ. ನಡುವಿನದು ಕಣ್ಣು ಮುಚ್ಚಿದೆ, ದಪ್ಪನೆಯ ಕೆಳತುಟಿ, ಕಿರೀಟದ ತುಂಬ ಮುತ್ತಿನ ಕುಸುರಿ. ಎಡದಿಂದ ಬಲಕ್ಕೆ ನಿಧಾನ ನಡೆದರೆ ಒಂದೇ ಕಲ್ಲು ಸಿಟ್ಟಾಗಿ, ಶಾಂತವಾಗಿ, ಕೊನೆಗೆ ಕೋಮಲವಾಗುವುದು ಗೊತ್ತಾಗುತ್ತದೆ. ಹತ್ತಿರದಲ್ಲೇ ಅರ್ಧನಾರೀಶ್ವರ, ಗಂಗಾಧರ, ಶಿವಪಾರ್ವತಿಯರ ಮದುವೆ. ಬಹಳಷ್ಟು ಮೂರ್ತಿಗಳಿಗೆ ಕೈಕಾಲಿಲ್ಲ, ಪೋರ್ಚುಗೀಸರ ಕಾಲದಲ್ಲಿ ಆದ ಹಾನಿ ಸಣ್ಣದಲ್ಲ. ಈ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರು ತಂದ ಕಲ್ಲಾನೆ ಈಗ ಬೈಕುಲಾದ ಜೀಜಾಮಾತಾ ಉದ್ಯಾನದಲ್ಲಿದೆ. 1987ರಿಂದ ಗುಹೆಗಳು ಯುನೆಸ್ಕೊ ಪಟ್ಟಿಯಲ್ಲಿವೆ.

ಕನ್ನಡಿಗರಿಗೆ ಇಲ್ಲಿ ನೆನೆಯಲು ಮತ್ತೂ ಒಂದಿದೆ. ರವಿಕೀರ್ತಿ ಬರೆದ ಐಹೊಳೆಯ ಶಾಸನ, ಕ್ರಿ.ಶ. 634ರದ್ದು, ಇಮ್ಮಡಿ ಪುಲಕೇಶಿ ನೂರಾರು ನಾವೆಗಳೊಂದಿಗೆ ಪಡುಗಡಲ ಪುರಿಯನ್ನು ಮುತ್ತಿದ ಸಂಗತಿಯನ್ನು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ, ಅಂದರೆ ಎಲಿಫೆಂಟಾವೇ, ಎಂದು ಇತಿಹಾಸಕಾರರಲ್ಲಿ ಕೆಲವರ ವಾದ. ಬಾದಾಮಿಯ ಮೂರನೇ ಗುಹೆ ನೋಡಿದವರು ಇಲ್ಲಿನ ಕಂಬಗಳ ಮುಂದೆ ತಾವಾಗಿಯೇ ನಿಲ್ಲುತ್ತಾರೆ.

ಎರಡು ಗಂಟೆಗೆ ದಡಕ್ಕೆ ಬಂದರೆ ಊಟ ಮಾಡಿ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗುವಷ್ಟು ಸಮಯ ಸಿಗುತ್ತದೆ. ಕಾಲಾ ಘೋಡಾದಲ್ಲಿ, ಗೇಟ್‌ವೇಯಿಂದ ನಡೆದೇ ಹೋಗಬಹುದು, ಪ್ರವೇಶಕ್ಕೆ ದುಡ್ಡಿಲ್ಲ. 1952ರಲ್ಲಿ ಸರ್ ಕೊವಾಸ್ಜಿ ಜಹಾಂಗೀರ್ ಇದನ್ನು ಕಟ್ಟಿಸಿಕೊಡಲು ಬೆನ್ನು ಹತ್ತಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು, ಇನ್ನೊಬ್ಬರು ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್. ಭಾರತದ ಕಲಾವಿದರೆಲ್ಲ ಒಮ್ಮೆ ಪ್ರದರ್ಶನ ಮಾಡಬೇಕೆಂದು ಆಸೆಪಡುವ ಗ್ಯಾಲರಿಯ ಹಿಂದೆ ನಮ್ಮ ಹೆಬ್ಬಾರರ ಒತ್ತಾಸೆ ಇತ್ತೆಂಬುದು ಊರಿನ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯ.

ಸಂಜೆಗೆ ಮರೀನ್ ಡ್ರೈವ್. ಕಡಲನ್ನು ತುಂಬಿಸಿ ಮಾಡಿದ ನೆಲದ ಮೇಲಿನ ಮೂರೂವರೆ ಕಿಲೋಮೀಟರ್ ರಸ್ತೆ, ಬದಿಯಲ್ಲಿ 1930–40ರ ದಶಕಗಳ ದುಂಡು ಬಾಲ್ಕನಿಯ ಆರ್ಟ್ ಡೆಕೊ ಮನೆಗಳು. ಅವೂ ಓವಲ್ ಮೈದಾನದ ಸುತ್ತಲಿನ ಗಾಥಿಕ್ ಕಟ್ಟಡಗಳೂ ಸೇರಿ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಪೂರ್ತಿ ನಡೆಯಬೇಕೆಂದಿಲ್ಲ. ಚರ್ಚ್‌ಗೇಟ್ ಹತ್ತಿರದ ಕೆ. ರುಸ್ತುಂನಲ್ಲಿ ಎರಡು ವೇಫರ್ ನಡುವೆ ಇಟ್ಟು ಕೊಡುವ ಐಸ್‌ಕ್ರೀಮ್ ತೆಗೆದುಕೊಂಡು, ಕರಗುವ ಮೊದಲು ತಿಂದು, ಕಟ್ಟೆಯ ಮೇಲೆ ಕೂರಬೇಕು. ಕಡಲು ಕಂಡೇ ಬೆಳೆದ ಅಮ್ಮನಿಗೆ ಇಲ್ಲಿ ಕಡಲಿಗಿಂತ ಜನ ಮುಖ್ಯವಾದರು. ಆಫೀಸಿನಿಂದ ಬಂದು ಚೀಲ ಪಕ್ಕಕ್ಕಿಟ್ಟು ಸುಮ್ಮನೆ ಕೂತ ಹೆಂಗಸರನ್ನು ಬಹಳ ಹೊತ್ತು ನೋಡಿದರು. "ಇವ್ರಿಗೆ ಮನೆಗ್ ಹೋಯ್ಕಂಬ ಗಡಿಬಿಡಿ ಇಲ್ಯಾ?" ಎಂದು ಅಕ್ಕನನ್ನು ಕೇಳಿದರು. ಅಲ್ಲಿ ಯಾರೂ ಯಾರನ್ನೂ ಏಳಿ ಎನ್ನುವುದಿಲ್ಲ. ದುಡ್ಡಿಲ್ಲದೆ ಕೂರಲು ಜಾಗವಿರುವುದು ದೊಡ್ಡ ಊರುಗಳಲ್ಲಿ ಕಡಿಮೆಯಾಗುತ್ತಿದೆ, ಮುಂಬೈ ಅದನ್ನು ಇನ್ನೂ ಉಳಿಸಿಕೊಂಡಿದೆ.

ರಾತ್ರಿ ವಾಪಸಾಗುವಾಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರು ಹತ್ತು ನಿಮಿಷ ನಿಂತರೆ ಸಾಕು. ಎಫ್.ಡಬ್ಲ್ಯು. ಸ್ಟೀವನ್ಸ್ ಯೋಜಿಸಿದ ಈ ನಿಲ್ದಾಣ ಕಟ್ಟಲು 1878ರಿಂದ ಹತ್ತು ವರ್ಷ ಹಿಡಿಯಿತು. ಗೇಟಿನ ಒಂದು ಕಂಬದ ಮೇಲೆ ಬ್ರಿಟನ್ನಿನ ಸಿಂಹ, ಇನ್ನೊಂದರ ಮೇಲೆ ಭಾರತದ ಹುಲಿ. ಗೋಡೆಗಳ ನವಿಲು, ಮಂಗ, ಎಲೆ ಬಳ್ಳಿಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ.

ಲೋಕಲ್ ಹತ್ತಿಸದೆ ಯಾರಿಗೂ ಮುಂಬೈ ತೋರಿಸಿದಂತಾಗುವುದಿಲ್ಲ. ಭಾನುವಾರ ಬೆಳಗ್ಗೆ ಏಳರ ಹೊತ್ತು ಅದಕ್ಕೆ ಪ್ರಶಸ್ತ, ಕೂರಲು ಸೀಟು ಸಿಗುತ್ತದೆ. ತಡಮಾಡಬಾರದು. ಭಾನುವಾರ ಸೆಂಟ್ರಲ್ ಮತ್ತು ಹಾರ್ಬರ್ ಮಾರ್ಗಗಳಲ್ಲಿ ಹಳಿ ದುರಸ್ತಿಗೆಂದು ಮೆಗಾ ಬ್ಲಾಕ್ ಇರುತ್ತದೆ, ಹನ್ನೊಂದರ ಮೇಲೆ ಗಾಡಿಗಳು ಅಸ್ತವ್ಯಸ್ತ. ಅಮ್ಮ ಮತ್ತು ಅಕ್ಕ ಹೆಂಗಸರ ಡಬ್ಬಿಯಲ್ಲಿ ಕೂತರು, ನಾನು ಪಕ್ಕದ್ದರಲ್ಲಿ. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಬೈಕುಲಾ, ಚಿಂಚ್‌ಪೋಕ್ಲಿ, ಕರಿ ರೋಡ್, ಪರೇಲ್, ದಾದರ್ ದಾಟಿ ಮಾಟುಂಗಾ. ಪಶ್ಚಿಮ ಮಾರ್ಗದ ಮಾಟುಂಗಾ ರೋಡ್ ಬೇರೆ ನಿಲ್ದಾಣ, ಇದು ನೆನಪಿರಲಿ. ನಾವಿಳಿದ ನಿಲ್ದಾಣವನ್ನು 2017ರಿಂದ ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ.

1896ರ ಪ್ಲೇಗ್ ಬಡಿದ ಮೇಲೆ ಸರ್ಕಾರ ಹುಟ್ಟುಹಾಕಿದ ಇಂಪ್ರೂವ್‌ಮೆಂಟ್ ಟ್ರಸ್ಟ್, ಗಾಳಿ ಬೆಳಕು ಬರುವಂತೆ ಬಿಡಿಬಿಡಿಯಾಗಿ ಕಟ್ಟಿದ ಬಡಾವಣೆ ದಾದರ್–ಮಾಟುಂಗಾ. ಆಫೀಸು ಕೆಲಸಕ್ಕೆ ಬಂದ ದಕ್ಷಿಣದವರು ಇಲ್ಲಿ ನೆಲೆ ನಿಂತರು, ಅವರ ಹಿಂದೆ ಉಡುಪಿ ಹೋಟೆಲುಗಳು ಬಂದವು. ಮೈಸೂರು ಅಸೋಸಿಯೇಷನ್ 1926ರಿಂದ ಕನ್ನಡದ ಕೆಲಸ ಮಾಡಿಕೊಂಡು ಬಂದಿದೆ. ಕಿಂಗ್ಸ್ ಸರ್ಕಲ್ ಬಳಿಯ ಕೆಫೆ ಮದ್ರಾಸ್, 1940ರಲ್ಲಿ ಗೋಪಾಲ ಕಾಮತ್ ಶುರು ಮಾಡಿದ್ದು. ಭಾನುವಾರ ಅಲ್ಲಿ ಹೆಸರು ಬರೆಸಿ ಕಾಯಬೇಕು. ರಸಂ ಇಡ್ಲಿ, ರಾಗಿ ದೋಸೆ, ಕಾಫಿ, ಕಾಯುವುದಕ್ಕೆ ಖಂಡಿತ ಲಾಯಕ್ಕು.

ತಿಂಡಿ ಆದ ಮೇಲೆ ಬೀದಿ ಬದಿಯ ಹೂವಿನ ಅಂಗಡಿಗಳ ಸಾಲು. ಮುಂಬೈಗೆ ನಮ್ಮ ಶಂಕರಪುರದ ಮಲ್ಲಿಗೆಯೂ ಬರುತ್ತದೆ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ ಸುರುಳಿ ಸುತ್ತಿದ ಚೆಂಡುಗಳು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ದೂರದಿಂದಲೇ ಗುರುತು ಹಿಡಿದ ಅಮ್ಮ ಹೂವಿನವನ ಜೊತೆ ಕನ್ನಡದಲ್ಲೇ ಚೌಕಾಸಿಗಿಳಿದರು, ಅವನು ತಡವರಿಸದೆ ಕನ್ನಡದಲ್ಲೇ ಉತ್ತರ ಕೊಟ್ಟ. ಊರಿನ ರೇಟಿಗೂ ಇಲ್ಲಿನ ರೇಟಿಗೂ ಇರುವ ಅಂತರ ಅವರಿಗೆ ಜೀರ್ಣವಾಗಲಿಲ್ಲ, ಆದರೂ ಒಂದು ಚೆಂಡು ಕೊಂಡು ಮುಡಿದರು.

ಮಧ್ಯಾಹ್ನದ ಊಟ ನಿಲ್ದಾಣದ ಎದುರಿನ ಮಹಡಿಯ ಮೇಲೆ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ. ಮೊದಲು ಕೂಪನ್, ಆಮೇಲೆ ಸರದಿ, ಆಮೇಲೆ ಬಾಳೆಎಲೆ. ಪಲ್ಯ, ಕೂಟು, ಸಾರು, ಸಾಂಬಾರು ಬಡಿಸುತ್ತ ಹೋಗುತ್ತಾರೆ, ಸಾಕು ಎನ್ನುವವರೆಗೆ. ಮನೆಮಠ ಬಿಟ್ಟು ಬಂದ ಹುಡುಗರಿಗೆ ಇಂಥ ಬೋರ್ಡಿಂಗ್‌ಗಳೇ ಅಡುಗೆಮನೆ. ಅಮ್ಮ ಬಡಿಸುವವರನ್ನು ಊರು ಯಾವುದೆಂದು ಕೇಳಿದರು, ತಮ್ಮ ಅಣ್ಣ ಫೋರ್ಟಿನ ಹೋಟೆಲಿನಲ್ಲಿ ಹೀಗೇ ಬಡಿಸುತ್ತಿದ್ದರೆಂದು ಅವರಿಗೆ ಹೇಳಿದರು.

ಒಂದು ಗಂಟೆಗೆ ಮಾಟುಂಗಾ ಬಿಟ್ಟರೆ ಕುರ್ಲಾದ ರೈಲಿಗೆ ಆತುರವಿಲ್ಲ. ಮೆಗಾ ಬ್ಲಾಕ್ ಇರುವುದರಿಂದ ಲೋಕಲ್ ನಂಬದೆ ಟ್ಯಾಕ್ಸಿ ಹಿಡಿಯುವುದು ಒಳ್ಳೆಯದು. ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಚಿತ್ತಾಲರು ವಾಸವಿದ್ದ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್, ಯಾವುದೂ ಈ ಸಲ ಆಗಲಿಲ್ಲ. ಮಹಾಲಕ್ಷ್ಮಿ ಬಿಟ್ಟುಹೋದದ್ದಕ್ಕೆ ಅಮ್ಮ ಪನ್ವೇಲ್‌ವರೆಗೆ ಗೊಣಗಿದರು, ಮುಂದಿನ ವರ್ಷ ಚಿಕ್ಕಮ್ಮನನ್ನೂ ಕರೆದುಕೊಂಡು ಬರುವುದೆಂದು ರತ್ನಾಗಿರಿಯೊಳಗೆ ತಾವೇ ತೀರ್ಮಾನಿಸಿ ಚಿಕ್ಕಮ್ಮನಿಗೆ ಫೋನೂ ಮಾಡಿದರು.